ಬೂತಾಯಿಯ ಮೂರು ದಿನ

ಮೊದಲ ದಿನ: ಕುಂಬಳೆ, ಶಿರಿಯ ಅಳಿವೆ

ಕಾಸರಗೋಡಿನ ಹೊಳೆಗಳಲ್ಲಿ ಮೂರು ದಿನ ಮೀನು ಹಿಡಿಯಲೆಂದು ಹೊರಟು, ಕುಂಬಳೆ ನಿಲ್ದಾಣದಲ್ಲಿ ಇಳಿದಾಗ ಬೆಳಗಿನ ಎಂಟು ಗಂಟೆ. ಫೆಬ್ರವರಿಯ ಮಂಜು ಇನ್ನೂ ತೆಂಗಿನ ತಲೆಗಳ ಮೇಲೆಯೇ ಕುಳಿತಿತ್ತು. ಅಡೂರಿನ ಭಾವ ಜೀಪು ತಂದು ಕಾಯುತ್ತಿದ್ದ. ನಮಗೆ ಹೆಣ್ಣು ಕೊಟ್ಟು ತಂದ ಸಂಬಂಧವೇನೂ ಇಲ್ಲ. ಆ ಕಡೆ ಸ್ನೇಹಿತರು ಒಬ್ಬರನ್ನೊಬ್ಬರು ಕರೆಯುವುದೇ ಹಾಗೆ. ಭಾವ ಅಡಿಕೆ ಕೃಷಿಕ, ಮೀನು ಮುಟ್ಟದವನು. ಆದರೂ ಹೊಳೆಯೆಂದರೆ ಎಲ್ಲ ಕೆಲಸ ಬಿಟ್ಟು ಬರುತ್ತಾನೆ. ಜೊತೆಗೆ ಕುಂಬಳೆಯ ಬಳಿಯ ಕನ್ನಡ ಶಾಲೆಯೊಂದರ ಮೇಷ್ಟ್ರು ಇದ್ದರು. ಬಾಲ್ಯದಿಂದಲೂ ಕೈದಾರದಲ್ಲಿ ಗಾಳ ಹಾಕಿದವರು, ರೀಲು ಕಟ್ಟಿದ ಗಾಳದ ಕೋಲು, ಅಂದರೆ ರಾಡು, ಹಿಡಿದದ್ದು ಮಾತ್ರ ಈಚೆಗೆ. ನನ್ನೊಂದಿಗೆ ಮಂಗಳೂರಿನಿಂದ ಬಂದವನು ದಾವಣಗೆರೆಯ ಗೆಳೆಯ. ಸಮುದ್ರವನ್ನು ಅವನು ಅದುವರೆಗೆ ನೋಡಿದ್ದು ಎರಡೇ ಸಲ.

ನನ್ನ ಪೆಟ್ಟಿಗೆಯಲ್ಲಿದ್ದ ಲೂರ್‌ಗಳಲ್ಲಿ ಒಂದರ ಬಗ್ಗೆ ಮೊದಲೇ ಹೇಳಬೇಕು. ಲೂರ್ ಎಂದರೆ ಪ್ಲಾಸ್ಟಿಕ್ಕಿನಲ್ಲೋ ರಬ್ಬರಿನಲ್ಲೋ ಮಾಡಿದ ಹುಸಿಮೀನು. ಎರೆಹುಳು, ಸಿಗಡಿ ಏನೂ ಬೇಡ. ಎಸೆದು, ಎಳೆದು, ನಿಲ್ಲಿಸಿ, ಮತ್ತೆ ಎಳೆದು ಅದಕ್ಕೆ ಜೀವ ಬರಿಸಬೇಕು. ಈ ಒಂದು ಲೂರ್ ಬೆರಳುದ್ದದ ಬೆಳ್ಳಿಬಣ್ಣದ್ದು, ಬೆನ್ನು ನೀಲಿ, ಹೊಟ್ಟೆಯ ಕೆಳಗೊಂದು ಬಾಲದಲ್ಲೊಂದು ಮೂರು ಮುಳ್ಳಿನ ಕೊಕ್ಕೆ. ಕಂಡ ಕೂಡಲೇ ಮೇಷ್ಟ್ರು, "ಇದು ನಮ್ಮ ಬೂತಾಯಿಯೇ" ಎಂದರು. ಬೂತಾಯಿ ಎಂದರೆ ಕರಾವಳಿಯವರು ದಿನವೂ ತಿನ್ನುವ ಸಣ್ಣ ಬೆಳ್ಳಿಬಣ್ಣದ ಸಮುದ್ರ ಮೀನು. ಅಂದಿನಿಂದ ಲೂರ್‌ನ ಹೆಸರೂ ಬೂತಾಯಿ.

ಹೊಳೆಗೆ ಹೋಗುವ ಮೊದಲು ಅನಂತಪುರದ ಕೆರೆ ದೇವಸ್ಥಾನವನ್ನು ನೋಡಬೇಕೆಂದು ದಾವಣಗೆರೆಯವನು ಆಸೆಪಟ್ಟ. ಮುರಕಲ್ಲಿನ ಬಯಲು ಹತ್ತಿ, ಗೇರು ಹೂವಿನ ವಾಸನೆಯ ನಡುವೆ ಸಾಗಿ, ಇದ್ದಕ್ಕಿದ್ದಂತೆ ಇಳಿದರೆ ಕಲ್ಲಿನ ಮಡಿಲಲ್ಲಿ ಹಸಿರು ನೀರಿನ ಕೆರೆ, ಅದರ ಮಧ್ಯೆ ಗುಡಿ. ಈ ಕೆರೆಯ ಮೊಸಳೆ ಬಬಿಯಾ 2022ರ ಅಕ್ಟೋಬರಿನಲ್ಲಿ ತೀರಿಕೊಂಡಾಗ ಜನ ಸಾಲುಗಟ್ಟಿ ಬಂದು ನಮಸ್ಕರಿಸಿದ್ದರು. ಮರುವರ್ಷ ಅದೇ ಕೆರೆಯಲ್ಲಿ ಇನ್ನೊಂದು ಮೊಸಳೆ ಕಾಣಿಸಿಕೊಂಡಿತು. ನಾವು ಈ ಮಾತನ್ನೇ ಆಡುತ್ತಾ ಮೆಟ್ಟಿಲಿಳಿಯುವಾಗ ಹೂ ಕೊಯ್ಯುತ್ತಿದ್ದ ಹಿರಿಯರೊಬ್ಬರು ತಡೆದರು. ಅವರ ಕಣ್ಣು ದಾವಣಗೆರೆಯವನ ಬೆನ್ನಿನ ಮೇಲಿತ್ತು. ರಾಡಿನ ಚೀಲವನ್ನು ಅವನು ಜೀಪಿನಲ್ಲಿ ಬಿಟ್ಟಿರಲಿಲ್ಲ.

"ಇದು ಗಾಳವಲ್ಲವೇ?" ಎಂದು ಕೇಳಿದರು. "ದೇವರ ಕೆರೆಗೆ ಗಾಳ ತಂದಿದ್ದೀರಾ?"

ಅವನ ಮುಖ ಬಿಳಿಚಿಕೊಂಡಿತು. ಭಾವ ಮುಂದೆ ಬಂದು ತುಳುವಿನಲ್ಲಿ ವಿವರಿಸಿ, ಕೈಮುಗಿದು, ಚೀಲವನ್ನು ತಾನೇ ಹೊತ್ತು ಜೀಪಿಗೆ ಹೋಗಿ ಇಟ್ಟು ಬಂದ. ಹಿರಿಯರು ಆಮೇಲೆ ಮೃದುವಾಗಿ ಮಾತಾಡಿದರು. ಆದರೆ ಗುಡಿಯಲ್ಲಿ ಇದ್ದಷ್ಟು ಹೊತ್ತೂ ನಾವು ಯಾರೂ ನೀರಿನ ಕಡೆ ನೇರವಾಗಿ ನೋಡಲಿಲ್ಲ.

ಶಿರಿಯ ಹೊಳೆ ಸಮುದ್ರ ಸೇರುವ ಕಡೆಗೆ ತಲುಪಿದ್ದು ಹನ್ನೊಂದಕ್ಕೆ. ಬಾಳೆಯೆಲೆಯಲ್ಲಿ ಕಟ್ಟಿ ತಂದಿದ್ದ ತೆಳ್ಳವು ಎಂಬ ತೆಳು ದೋಸೆ, ಕಾಯಿಬೆಲ್ಲವನ್ನು ಗಾಳಿಮರದ ನೆರಳಿನಲ್ಲಿ ತಿಂದೆವು. ತೆಳ್ಳವು ಆರಿದರೂ ಅಂಚು ಗಡುಸಾಗಿರಲಿಲ್ಲ. ಭಾವನ ಅಮ್ಮ ಒಂದೊಂದನ್ನೂ ಎಣ್ಣೆ ಸವರಿ ಮಡಚಿ ಇಟ್ಟಿದ್ದರಂತೆ.

ಮೊದಲ ಎಸೆತ ದಾವಣಗೆರೆಯವನದು. ಅವನು ಆರಿಸಿಕೊಂಡದ್ದು ನೀರಿನ ಮೇಲೆ ಗುಳುಗುಳು ಸದ್ದು ಮಾಡುತ್ತಾ ಬರುವ ಪಾಪರ್. ಎಸೆಯುವ ಮುನ್ನ ರೀಲಿನ ತಂತಿಯ ಬಳೆಯನ್ನು ತೆರೆದು ದಾರವನ್ನು ಬೆರಳಿನಲ್ಲಿ ಹಿಡಿಯಬೇಕು. ಅವನು ಬಳೆ ತೆರೆಯುವುದನ್ನು ಮರೆತ. ಇಡೀ ಮೈ ತಿರುಗಿಸಿ ಬೀಸಿದ್ದರಿಂದ ಜಗ್ಗಿದ ರಭಸಕ್ಕೆ ದಾರ 'ಟಪ್' ಎಂದಿತು. ಕೆಂಪು ಪಾಪರ್ ಬಿಸಿಲಿನಲ್ಲಿ ಮಿಂಚುತ್ತಾ, ನಾನು ಎಂದೂ ಎಸೆಯಲಾಗದಷ್ಟು ದೂರ ಹಾರಿತು. ಇಳಿತದ ನೀರು ಅದನ್ನು ಅರಬ್ಬಿ ಸಮುದ್ರಕ್ಕೆ ಒಯ್ಯುವುದನ್ನು ನಾಲ್ವರೂ ನಿಂತು ನೋಡಿದೆವು. "ಎಷ್ಟು ಚೆನ್ನಾಗಿ ಹೋಯಿತು!" ಎಂದು ಅವನು ಸಂತೋಷದಿಂದಲೇ ಕೂಗಿದ. ದಾರ ಕಡಿದದ್ದು ಅವನಿಗೆ ಇನ್ನೂ ತಿಳಿದಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಮೇಷ್ಟ್ರ ರಬ್ಬರ್ ಮೀನಿನ ಬಾಲ ಕತ್ತರಿಯಲ್ಲಿ ಕತ್ತರಿಸಿದಂತೆ ಮಾಯವಾಗತೊಡಗಿತು. ಒಂದು, ಎರಡು, ಮೂರು ಬಾಲ ಹೋದವು. ನಮಗೆ ದೊಡ್ಡ ಮೀನಿನ ಆಸೆ. ನಾಲ್ಕನೆಯ ಸಲ ಕೊಕ್ಕೆ ಸಿಕ್ಕಿತು. ಮೇಷ್ಟ್ರು ಎಳೆದು ತಂದದ್ದು ಅಂಗೈಯಗಲದ, ದುಂಡು ಮೋರೆಯ, ಗಿಳಿಯ ಕೊಕ್ಕಿನಂತಹ ಹಲ್ಲಿನ ಮೀನು. ದಾವಣಗೆರೆಯವನು ಓಡಿ ಹೋಗಿ ಅದನ್ನು ಎರಡೂ ಕೈಗಳಲ್ಲಿ ಎತ್ತಿ, "ತೆಗೆಯಿರಿ ಫೋಟೋ" ಎಂದ. ಫೋಟೋ ತೆಗೆಯುವಷ್ಟರಲ್ಲಿ ಅವನ ಕೈಯೊಳಗೇ ಅದು ಗಾಳಿ ತುಂಬಿದ ಚೆಂಡಿನಂತೆ ಉಬ್ಬಿತು, ಗುರ್ರೆಂದಿತು. ಅವನು ಕಿರುಚಿ ಅದನ್ನು ಭಾವನ ಮಡಿಲಿಗೆ ಎಸೆದ. ಹುಟ್ಟಿದ ಲಾಗಾಯ್ತು ಮೀನು ಮುಟ್ಟದ ಭಾವ ಆ ಉಬ್ಬಿದ ಜೀವವನ್ನು ಬೊಗಸೆಯಲ್ಲಿ ಹಿಡಿದುಕೊಂಡು, ಕೊಕ್ಕೆ ಬಿಡಿಸುವವರೆಗೂ ಅಲುಗದೆ ನಿಂತ. ನೀರಿಗಿಳಿಸಿದ ಮೇಲೆ ಸ್ವಲ್ಪ ಹೊತ್ತು ಅದು ಹೊಟ್ಟೆ ಮೇಲಾಗಿ ತೇಲಿತು. ಆಮೇಲೆ ಗಾಳಿ ಬಿಟ್ಟು, ತಿರುಗಿ, ಹೋಯಿತು. ಈ ಮೀನಿನಲ್ಲಿ ವಿಷವಿದೆ, ತಿನ್ನುವಂತಿಲ್ಲ. ಬೆರಳನ್ನು ಬಾಯಿಯ ಹತ್ತಿರವೂ ತರಬಾರದು. ಬಾಲಗಳು ಒಂದೇ ಸಮನೆ ಹೋಗುತ್ತಿದ್ದರೆ ಜಾಗ ಬದಲಿಸುವುದೇ ಸರಿ ಎಂದು ನಾವು ಕಲಿತದ್ದು ಹೀಗೆ.

ಸಂಜೆ ಆರಿಕ್ಕಾಡಿಯ ಚಹಾದಂಗಡಿಯಲ್ಲಿ ನಡೆದದ್ದು ನನ್ನ ತಪ್ಪು. ರಾಡನ್ನು ಬೆಂಚಿಗೆ ಒರಗಿಸಿ ಇಟ್ಟೆ, ಬೂತಾಯಿಯನ್ನು ಬಿಚ್ಚಿರಲಿಲ್ಲ. ಗೋಳಿಬಜೆ ಬಿಸಿಯಾಗಿತ್ತು, ಮಾತು ಮೀನಿನ ಬಗ್ಗೆಯೇ ಇತ್ತು. ಆಗ ಬೆನ್ನ ಹಿಂದೆ ರೀಲು 'ಟರ್ರ್' ಎಂದು ಹಾಡಿತು. ಇಡೀ ದಿನ ಆ ಸದ್ದಿಗಾಗಿ ಕಾದಿದ್ದೆವು. ನಾಲ್ವರೂ ಹಿಗ್ಗಿನಿಂದ ತಿರುಗಿದೆವು. ಪಕ್ಕದ ಬೆಂಚಿನ ಅಜ್ಜ ಚಹಾ ಮುಗಿಸಿ ಎದ್ದು ಹೊರಟಿದ್ದರು. ಅವರ ಬಿಳಿ ಮುಂಡಿನ ಹಿಂಭಾಗದಲ್ಲಿ ಬೂತಾಯಿ ನೇತಾಡುತ್ತಿತ್ತು. ಅವರು ನಡೆದಷ್ಟೂ ರೀಲು ದಾರ ಬಿಡುತ್ತಿತ್ತು.

ನಾನು ಓಡಿ ಅವರ ಮುಂದೆ ಕೈಮುಗಿದೆ. ಮುಂಡು ಹರಿಯದಂತೆ ಕೊಕ್ಕೆ ಬಿಡಿಸಲು ಹತ್ತು ನಿಮಿಷ ಬೇಕಾಯಿತು. ಕೊಕ್ಕೆಯ ತುದಿಯಲ್ಲಿ ಹಿಮ್ಮುಳ್ಳು ಇರುವುದರಿಂದ ಒಳಗೆ ಹೋದದ್ದು ಅದೇ ದಾರಿಯಲ್ಲಿ ಬರುವುದಿಲ್ಲ. ಅಜ್ಜ ಒಂದೂ ಸಿಡುಕು ಮಾತಾಡದೆ ನಿಂತಲ್ಲೇ ಇನ್ನೊಂದು ಚಹಾ ತರಿಸಿಕೊಂಡರು. ಕೊನೆಗೆ ಮೇಷ್ಟ್ರನ್ನು ನೋಡಿ, "ಅರುವತ್ತು ವರ್ಷ ನಾನು ಈ ಹೊಳೆಯಲ್ಲಿ ಮೀನು ಹಿಡಿದೆ ಮೇಷ್ಟ್ರೇ. ಇವತ್ತು ನಿಮ್ಮವರು ನನ್ನನ್ನು ಹಿಡಿದರು" ಎಂದರು. ಅಂಗಡಿಯೆಲ್ಲ ನಕ್ಕಿತು. ಹೊಸ ಮುಂಡಿನ ಹಣ ಕೊಡಲು ಹೋದರೆ ನನ್ನ ಕೈಯನ್ನು ಹಿಂದಕ್ಕೆ ತಳ್ಳಿದರು. ನೀರಿನಿಂದ ದೂರ ಹೊರಟ ಕ್ಷಣವೇ ಲೂರ್ ಬಿಚ್ಚಿ ಪೆಟ್ಟಿಗೆಗೆ ಹಾಕಬೇಕು. ಆ ಸಂಜೆಯ ಬಳಿಕ ನಾನು ಒಮ್ಮೆಯೂ ತಪ್ಪಿಸಿಲ್ಲ.

ಎರಡನೆಯ ದಿನ: ಚಂದ್ರಗಿರಿ

ಬೆಳಗ್ಗೆ ಚಂದ್ರಗಿರಿ ಕೋಟೆಯ ಮೇಲೆ ನಿಂತು ಹೊಳೆಯನ್ನು ಓದಲು ಪ್ರಯತ್ನಿಸಿದೆವು. ಹದಿನೇಳನೆಯ ಶತಮಾನದಲ್ಲಿ ಕೆಳದಿಯ ಶಿವಪ್ಪನಾಯಕ ಕಟ್ಟಿಸಿದ ಮುರಕಲ್ಲಿನ ಕೋಟೆಯಿದು. ಬೇಕಲದಷ್ಟು ದೊಡ್ಡದಲ್ಲ, ಬೇಕಲದಷ್ಟು ಜನವೂ ಇಲ್ಲ. ಗೋಡೆಯ ಮೇಲಿನಿಂದ ತೆಂಗಿನ ತೋಟಗಳ ನಡುವೆ ಹೊಳೆ ಅಗಲವಾಗಿ ಹರಿದು ತಳಂಗರೆಯ ಬಳಿ ಸಮುದ್ರ ಸೇರುವುದು ಒಂದೇ ನೋಟದಲ್ಲಿ ಕಾಣುತ್ತದೆ. ಹಿಂದೆ ತುಳುನಾಡಿಗೂ ಮಲಯಾಳ ನಾಡಿಗೂ ಈ ಹೊಳೆಯೇ ಗಡಿ ಎನ್ನುತ್ತಿದ್ದರು. ಭಾವನಿಗೆ ಇದು ಗಡಿಯಲ್ಲ. ಕೊಡಗಿನ ಬೆಟ್ಟಗಳಿಂದ ಸುಳ್ಯದ ಮೇಲೆ ಹರಿದು ಬರುವ ಪಯಸ್ವಿನಿಯೇ ಇಲ್ಲಿ ಚಂದ್ರಗಿರಿ. "ನನ್ನ ತೋಟಕ್ಕೆ ಬಿಟ್ಟು ಉಳಿದ ನೀರು" ಎಂದು ಅವನು ಬಹಳ ಹೊತ್ತು ಅದನ್ನೇ ನೋಡುತ್ತಾ ನಿಂತ.

ಅಳಿವೆಯ ಹತ್ತಿರ ಇಳಿತಕ್ಕೆ ಒಂದು ಮರಳದಿಬ್ಬ ತಲೆಯೆತ್ತಿತ್ತು. ದಡಕ್ಕೂ ದಿಬ್ಬಕ್ಕೂ ನಡುವೆ ಕಣಕಾಲು ಮುಳುಗುವಷ್ಟು ನೀರು. ಚಪ್ಪಲಿಗಳನ್ನು ದಿಬ್ಬದ ಅಂಚಿನಲ್ಲಿ ಸಾಲಾಗಿ ಬಿಟ್ಟು ಸಮುದ್ರದ ಕಡೆ ಮುಖ ಮಾಡಿ ಎಸೆಯತೊಡಗಿದೆವು.

ಇಲ್ಲಿ ನಡೆದ ಒಂದು ಸಂಗತಿಯನ್ನು ನೆನೆದರೆ ನನ್ನ ಕೈ ಈಗಲೂ ತಣ್ಣಗಾಗುತ್ತದೆ. ಭಾವ ಬಿಸಿಲಿಗೆ ಅಡಿಕೆ ಹಾಳೆಯ ಮುಟ್ಟಾಳೆ ಹಾಕಿಕೊಂಡಿದ್ದ. ನನ್ನ ಬೆನ್ನ ಹಿಂದೆ ಬಂದು ನಿಂತದ್ದು ನನಗೆ ತಿಳಿಯಲಿಲ್ಲ. ಹಿಂದೆ ತಿರುಗಿ ನೋಡದೆ ಬೀಸಿದೆ. ರಾಡು ಒಂದು ಕ್ಷಣ ಭಾರವಾಯಿತು, ಮತ್ತೆ ಹಗುರಾಯಿತು. ನೋಡಿದರೆ ಭಾವನ ಮುಟ್ಟಾಳೆ ಬೂತಾಯಿಯೊಂದಿಗೆ ಹಾರಿ ಹೋಗಿ ಹೊಳೆಯ ಮಧ್ಯೆ ಇಳಿಯಿತು. ಹಾಳೆಯಾದ್ದರಿಂದ ಮುಳುಗಲಿಲ್ಲ, ಸಣ್ಣ ದೋಣಿಯಂತೆ ತೇಲಿತು. ನಾನು ಎಳೆದಂತೆ ತಲೆಯಾಡಿಸುತ್ತಾ ಹತ್ತಿರ ಬಂತು. ದಡದಲ್ಲಿ ಆಡುತ್ತಿದ್ದ ಹುಡುಗರು ಕುಣಿದಾಡಿದರು. "ಮೀನ್ ಕಿಟ್ಟಿ, ಮೀನ್ ಕಿಟ್ಟಿ" ಎಂದು ಕೂಗು. ಮೀನು ಸಿಕ್ಕಿತು ಎಂದು ಅರ್ಥ. ಭಾವನೂ ನಕ್ಕ. ನನಗೆ ನಗು ಬರಲಿಲ್ಲ. ಆ ಕೊಕ್ಕೆ ಎರಡು ಅಂಗುಲ ಕೆಳಗೆ ಬಂದಿದ್ದರೆ ಅವನ ಕಣ್ಣು. ರಾಡು ಕೆಳಗಿಟ್ಟು ಮರಳಿನಲ್ಲಿ ಕುಳಿತೆ. ಭಾವ ಬಂದು ಪಕ್ಕದಲ್ಲಿ ಕುಳಿತು ಒದ್ದೆ ಮುಟ್ಟಾಳೆಯನ್ನು ನನ್ನ ತಲೆಗೆ ಹಾಕಿದ. ಅಂದಿನಿಂದ ನಮ್ಮ ಗುಂಪಿನಲ್ಲಿ ಎಸೆಯುವವನು "ಹಿಂದೆ!" ಎಂದು ಕೂಗಿಯೇ ಎಸೆಯಬೇಕು, ಎಲ್ಲರೂ ಕನ್ನಡಕ ಹಾಕಬೇಕು. ಮನೆಯಲ್ಲಿರುವ ಹಳೆಯ ಕನ್ನಡಕವಾದರೂ ಸರಿ.

ಕುಳಿತದ್ದು ಒಂದು ರೀತಿಯಲ್ಲಿ ಒಳ್ಳೆಯದಾಯಿತು. ಕೆಳಗೆ ಕುಳಿತ ಭಾವನಿಗೆ ಮೊದಲು ಕಂಡದ್ದು ತೇಲುತ್ತಾ ಹೋಗುತ್ತಿದ್ದ ಎಂಟು ಚಪ್ಪಲಿಗಳು. ಎದ್ದು ನೋಡಿದರೆ ಬರುವಾಗ ಕಣಕಾಲು ಮುಳುಗಿದ್ದ ಕಾಲುವೆ ಅಗಲವಾಗಿ, ಹಸಿರಾಗಿ, ಒಳಮುಖವಾಗಿ ಹರಿಯುತ್ತಿತ್ತು. ಮೇಷ್ಟ್ರು ಇಳಿದು ನೋಡಿದರು. ತೊಡೆ, ಸೊಂಟ, ಅಲ್ಲಿಂದ ಹಿಂದಿರುಗಿದರು. ದಾವಣಗೆರೆಯವನಿಗೆ ಈಜು ಬಾರದು. ನಾವು ಮೊಬೈಲ್‌ಗಳನ್ನು ಮುಟ್ಟಾಳೆಯೊಳಗೆ ಹಾಕಿ ಭಾವನ ತಲೆಯ ಮೇಲಿಟ್ಟು ಏನು ಮಾಡುವುದೆಂದು ಯೋಚಿಸುತ್ತಿರುವಾಗ ಒಬ್ಬ ಕಾಕ ಸಣ್ಣ ದೋಣಿಯಲ್ಲಿ ಬಂದರು. ದೋಣಿಯ ತಳದಲ್ಲಿ ನಮ್ಮ ಚಪ್ಪಲಿಗಳಿದ್ದವು. ಆರು ಸಿಕ್ಕಿದ್ದವು, ಎರಡು ಹೋಗಿದ್ದವು. ಎರಡೂ ಎಡಗಾಲಿನವು.

"ಭರತ ಎದುರಿನಿಂದ ಬರುವುದಿಲ್ಲ ಮಕ್ಕಳೇ, ಬೆನ್ನ ಹಿಂದಿನಿಂದ ಬರುತ್ತದೆ" ಎಂದರು ಕಾಕ. ದಿಬ್ಬ ಎತ್ತರ, ದಡದ ಬದಿಯ ಕಾಲುವೆ ತಗ್ಗು. ಮೊದಲು ತುಂಬುವುದು ಅದೇ. ನೆನ್ನೆಯ ಭರತದ ವೇಳೆಗೆ ಸುಮಾರು 50 ನಿಮಿಷ ಸೇರಿಸಿದರೆ ಇವತ್ತಿನದು ಸಿಗುತ್ತದೆ ಎಂದೂ, ಅಮಾವಾಸ್ಯೆ ಹುಣ್ಣಿಮೆಗಳ ಆಸುಪಾಸಿನಲ್ಲಿ ದಿಬ್ಬಕ್ಕೆ ಹೋಗಲೇಬಾರದೆಂದೂ ಹೇಳಿಕೊಟ್ಟರು. ಭಾವ ಇದನ್ನೆಲ್ಲ ಅಡಿಕೆ ಲೆಕ್ಕದ ಸಣ್ಣ ಪುಸ್ತಕದಲ್ಲಿ ಬರೆದುಕೊಂಡ. ಮರುದಿನದಿಂದ ನಮ್ಮ ಗಡಿಯಾರ ಅವನೇ.

ರಾತ್ರಿ ಚೆರುವತ್ತೂರಿನ ಒಂದು ಸಣ್ಣ ಹೋಟೆಲಿನಲ್ಲಿ ಊಟ. ಬೂತಾಯಿಗೆ ಮಲಯಾಳದಲ್ಲಿ 'ಮತ್ತಿ' ಎನ್ನುತ್ತಾರೆಂದು ದಾರಿಯಲ್ಲಿ ಮೇಷ್ಟ್ರು ಹೇಳಿಕೊಟ್ಟಿದ್ದರು. ದಾವಣಗೆರೆಯವನಿಗೆ ಇಡೀ ದಿನ ಹಸಿವು. ಬಡಿಸುವವರು ಕುಚ್ಚಲಕ್ಕಿ ಅನ್ನ ಹಾಕತೊಡಗಿದ ಕೂಡಲೇ ಅವನು ಉತ್ಸಾಹದಿಂದ, "ಮತಿ, ಮತಿ" ಎಂದ. ಅವರು ಅನ್ನ ನಿಲ್ಲಿಸಿದರು. ಸಾರಿನ ಬಕೆಟ್ಟು ಬಂತು, ಅವನು ಇನ್ನೂ ಜೋರಾಗಿ "ಮತಿ" ಎಂದ, ಬಕೆಟ್ಟು ಹಾಗೆಯೇ ಮುಂದೆ ಹೋಯಿತು. ಪಲ್ಯವೂ ಹೋಯಿತು. ನಮ್ಮೆಲ್ಲರ ಎಲೆ ತುಂಬಿತ್ತು, ಅವನದರಲ್ಲಿ ಒಂದು ಸೌಟು ಅನ್ನ, ಒಂದು ಉಪ್ಪಿನಕಾಯಿ. ಅವನ ಕಣ್ಣು ತುಂಬಿಬರುವ ಹಾಗಿತ್ತು. ಮಲಯಾಳದಲ್ಲಿ 'ಮತಿ' ಎಂದರೆ ಸಾಕು ಎಂದರ್ಥ, ಒಂದು ಒತ್ತಕ್ಷರದ ಅಂತರ. ಮೇಷ್ಟ್ರು ನಗು ತಡೆದುಕೊಂಡು ವಿಷಯ ತಿಳಿಸಿದಾಗ ಬಡಿಸುವವರು ಒಳಗೆ ಹೋಗಿ, ತವೆಯ ಮೇಲೆ ಕಾಯಿಸಿದ ಆರು ಮತ್ತಿಗಳನ್ನು ಒಂದೇ ತಟ್ಟೆಯಲ್ಲಿ ತಂದು ಅವನ ಮುಂದಿಟ್ಟರು. ಬಿಲ್ಲಿನಲ್ಲಿ ಮೂರಕ್ಕೆ ಮಾತ್ರ ಹಣ ಬರೆದಿದ್ದರು. ಕಾಳುಮೆಣಸು, ಬೆಳ್ಳುಳ್ಳಿ ಅರೆದು ಹಚ್ಚಿದ ಆ ಮೀನಿನ ರುಚಿಯನ್ನು ಅವನು ಇಂದಿಗೂ ವರ್ಣಿಸುತ್ತಾನೆ.

ಮೂರನೆಯ ದಿನ: ಪಡನ್ನ, ವಲಿಯಪರಂಬ

ಉತ್ತರ ಕೇರಳದ ಅತಿ ದೊಡ್ಡ ಹಿನ್ನೀರು ಕವ್ವಾಯಿ. ಸಮುದ್ರಕ್ಕೂ ಹಿನ್ನೀರಿಗೂ ನಡುವೆ ವಲಿಯಪರಂಬ ಒಂದು ಉದ್ದ ತೆಂಗಿನ ಗೆರೆಯಂತೆ ಮಲಗಿದೆ. ಬೆಳಗಿನ ಆರು ಗಂಟೆಗೆ ಬಾಡಿಗೆಯ ದೋಣಿ ಹತ್ತಿದಾಗ ನೀರಿನಲ್ಲಿ ಒಂದು ಸುಕ್ಕೂ ಇರಲಿಲ್ಲ. ದೋಣಿಯವರು ಐವತ್ತು ದಾಟಿದವರು, ಹಿತಮಿತ ಮಾತು. ನಮಗೆ ಬೇಕಾದದ್ದು ಕಾಳಾಂಜಿ ಎಂದಾಗ ತಲೆಯಾಡಿಸಿದರು. ಕಾಳಾಂಜಿ ಗಂಡಾಗಿ ಬೆಳೆದು, ಕೆಲವು ವರ್ಷಗಳ ಬಳಿಕ ಹೆಣ್ಣಾಗುವ ಮೀನು. ಹಾಗಾಗಿ ತೀರ ದೊಡ್ಡವು ಬಹುತೇಕ ಹೆಣ್ಣೇ. ಅಂಥದ್ದು ಸಿಕ್ಕಿದರೆ ಬಿಟ್ಟುಬಿಡುವುದೆಂದು ನಾವು ಮೊದಲೇ ಮಾತಾಡಿಕೊಂಡಿದ್ದೆವು. ಸಿಗುವ ಮೊದಲೇ ಬಿಡುವ ಮಾತು ಕೇಳಿ ದೋಣಿಯವರು ಮೊದಲ ಸಲ ನಕ್ಕರು.

ಒಂಬತ್ತರ ಸುಮಾರಿಗೆ ಬೂತಾಯಿ ತಟ್ಟನೆ ನಿಂತಿತು. ರಾಡು ಬಿಲ್ಲಾಯಿತು. ಎಳೆದರೆ ಬರುತ್ತದೆ, ಸಡಿಲಿಸಿದರೆ ಹಿಂದಕ್ಕೆ ಹೋಗುತ್ತದೆ. ಜೀವವಿರುವ ಭಾರದಂತೆಯೇ ಇತ್ತು. ದೊಡ್ಡ ಕಾಳಾಂಜಿ ತಳದಲ್ಲಿ ಕಚ್ಚಿ ನಿಂತಿದೆ ಎಂದು ನನಗೆ ಖಾತ್ರಿ. ಮೀನು ಜಗ್ಗಿದಾಗ ರೀಲು ಎಷ್ಟು ಸುಲಭವಾಗಿ ದಾರ ಬಿಡಬೇಕೆಂದು ಹೊಂದಿಸುವ ಡ್ರ್ಯಾಗ್ ತಿರುಪನ್ನು ಕೊನೆಯವರೆಗೂ ಬಿಗಿದೆ. ಮೇಷ್ಟ್ರು ಬಲೆ ಹಿಡಿದು ಮೊಣಕಾಲೂರಿದರು, ದಾವಣಗೆರೆಯವನು ವಿಡಿಯೋ ಮಾಡತೊಡಗಿದ, ಭಾವ ಉಸಿರು ಬಿಗಿಹಿಡಿದ. ಏಳೆಂಟು ನಿಮಿಷಗಳ ಬಳಿಕ ಐವತ್ತು ಅಡಿ ಆಚೆ ಬಿದಿರಿನ ಗಳುಗಳ ಸಾಲೊಂದು ನಮ್ಮ ಕಡೆಗೆ ವಾಲಿ ತೂಗತೊಡಗಿತು. ದೂರದ ದೋಣಿಯೊಂದರಿಂದ ಹೆಂಗಸಿನ ದನಿ ಕೇಳಿಸಿತು.

ನಾನು ಎಳೆಯುತ್ತಿದ್ದದ್ದು ಕಲ್ಲುಮ್ಮಕ್ಕಾಯಿಯ ಹಗ್ಗವನ್ನು. ನಮ್ಮ ಕಡೆ ನೀಲಿಕಲ್ಲು ಎನ್ನುವ ಚಿಪ್ಪುಮೀನನ್ನು ಇಲ್ಲಿ ಬೆಳೆಯುತ್ತಾರೆ. ಬಿದಿರಿನ ಚಪ್ಪರದಿಂದ ನೀರಿಗೆ ಹಗ್ಗಗಳನ್ನು ಇಳಿಬಿಡುತ್ತಾರೆ. ನವೆಂಬರ್, ಡಿಸೆಂಬರಿನಲ್ಲಿ ಮರಿಗಳನ್ನು ಹಗ್ಗದ ಸುತ್ತ ಹತ್ತಿಯ ತೆಳುಬಟ್ಟೆಯಲ್ಲಿ ಸುತ್ತಿ ಹೊಲಿಯುತ್ತಾರೆ. ಬಟ್ಟೆ ಕೊಳೆತು ಹೋಗುವಷ್ಟರಲ್ಲಿ ಮರಿಗಳು ತಮ್ಮದೇ ನೂಲಿನಿಂದ ಹಗ್ಗಕ್ಕೆ ಅಂಟಿಕೊಂಡಿರುತ್ತವೆ. ಮಳೆಯ ಸಿಹಿನೀರು ಬಂದರೆ ಸಾಯುತ್ತವೆ, ಅದಕ್ಕೆ ಮೊದಲೇ ಕೊಯ್ಲು. ನಾವು ಹೋದಾಗ ಬೆಳೆ ಅರ್ಧಕ್ಕೆ ಬಂದಿತ್ತು. ಆ ಬೆಳೆಯನ್ನೇ ನಾನು ಎಂಟು ನಿಮಿಷ ಜಗ್ಗಿದ್ದೆ.

ದೋಣಿ ಹತ್ತಿರ ಬಂತು. ಮೂವರು ಹೆಂಗಸರು, ಸ್ವಸಹಾಯ ಸಂಘದಿಂದ ಸಾಲ ತೆಗೆದು ಮಾಡಿದ ಕೃಷಿಯಂತೆ. ಮೇಷ್ಟ್ರು "ತಪ್ಪಾಯಿತು ಚೇಚ್ಚಿ" ಎಂದು ಶುರುಮಾಡಿ ಮಲಯಾಳದಲ್ಲಿ ಕ್ಷಮೆ ಕೇಳಿದರು. ನಾನು ಕನ್ನಡದಲ್ಲಿ ಕೇಳಿದೆ. ಹಿರಿಯಾಕೆ ಮಾತಾಡದೆ ಹಗ್ಗವನ್ನು ಮೇಲೆತ್ತಿ, ಕೈಯಿಂದ ತಡವಿ ತಡವಿ ನೋಡಿದರು. ಉದುರಿದ್ದು ಒಂದು ಹಿಡಿಯಷ್ಟು. ಅದನ್ನು ನೋಡಿ ಅವರ ಮುಖ ಸಡಿಲಿತು. ಕೊಕ್ಕೆಯನ್ನು ನಮಗಿಂತ ಜಾಣತನದಿಂದ ಬಿಡಿಸಿ, ಬೂತಾಯಿಯನ್ನು ತಿರುಗಿಸಿ ನೋಡಿ, ಉಳಿದವರಿಗೆ ಏನೋ ಹೇಳಿದರು. ಮೂವರೂ ನಕ್ಕರು. ಏನೆಂದರೆಂದು ಮೇಷ್ಟ್ರನ್ನು ಕೇಳಿದೆ. "ಮೀನಿಗೆ ಇದು ಮೀನಲ್ಲವೆಂದು ಗೊತ್ತಿದೆ, ನಿಮಗೆ ಹಗ್ಗ ಮೀನಲ್ಲವೆಂದು ಗೊತ್ತಿಲ್ಲವೇ ಎನ್ನುತ್ತಿದ್ದಾರೆ." ಚಪ್ಪರಗಳಿಂದ ಕನಿಷ್ಠ ನೂರು ಅಡಿ ದೂರ ಇರಬೇಕೆಂದು ದೋಣಿಯವರು ಆಮೇಲೆ ಹೇಳಿದರು. ಅಲ್ಲಿ ಹೋಗುವವರೆಲ್ಲ ಇದನ್ನು ಮೊದಲೇ ತಿಳಿದಿರಲಿ. ಅದು ಯಾರದೋ ಆರು ತಿಂಗಳ ದುಡಿಮೆ.

ಮಧ್ಯಾಹ್ನ ದ್ವೀಪದ ಅಂಗಡಿಯಲ್ಲಿ ಅರಿಕ್ಕಡುಕ್ಕ ತಿಂದೆವು. ಚಿಪ್ಪಿನೊಳಗೆ ಅಕ್ಕಿಹಿಟ್ಟು, ತೆಂಗಿನಕಾಯಿ ತುಂಬಿ, ಬೇಯಿಸಿ, ಮಸಾಲೆ ಹಚ್ಚಿ ಕರಿದದ್ದು. ಬೆಳಗಿನ ಹಗ್ಗದ ನೆನಪಿನಿಂದ ನನಗೆ ಮೊದಲ ತುತ್ತು ಇಳಿಯುವುದು ಕಷ್ಟವಾಯಿತು. ಎರಡನೆಯದರಿಂದ ತೊಂದರೆಯಾಗಲಿಲ್ಲ. ಭಾವನಿಗೆ ಅಂಗಡಿಯಾಕೆ ಬಾಳೆಹಣ್ಣು, ಅವಲಕ್ಕಿ ಕೊಟ್ಟರು.

ಸಂಜೆ ಇಳಿತ ಶುರುವಾಗುವ ವೇಳೆಯನ್ನು ಭಾವ ಪುಸ್ತಕ ನೋಡಿ ಹೇಳಿದ. ಸೇತುವೆಯ ಕಂಬವೊಂದರ ನೆರಳಿನ ಪಕ್ಕದಲ್ಲಿ ದೋಣಿ ನಿಲ್ಲಿಸಿದೆವು. "ಹಿಂದೆ!" ಎಂದು ಕೂಗಿ ಎಸೆದೆ. ಬೂತಾಯಿ ಕಂಬವನ್ನು ದಾಟಿ ನಾಲ್ಕು ಸುತ್ತು ಬಂದಿರಬಹುದು. ನೀರಿನೊಳಗೆ ಬಾಗಿಲು ಬಡಿದಂತಹ ಒಂದು ಸದ್ದು. ಕಾಳಾಂಜಿ ಪೂರ್ತಿ ಮೇಲೆ ಹಾರಿತು. ಇಳಿಬಿಸಿಲಿನಲ್ಲಿ ಅದರ ಕಣ್ಣು ಕೆಂಡದಂತೆ ಹೊಳೆಯಿತು, ತೆರೆದ ಬಾಯಿ, ಬಾಯಿಯ ಅಂಚಿನಲ್ಲಿ ಬೂತಾಯಿ. ತಲೆಯನ್ನು ಎರಡು ಸಲ ಕೊಡವಿ ನೀರಿಗೆ ಬಿದ್ದು ಕಂಬದ ಕಡೆಗೆ ಓಡಿತು. ರೀಲು ಹಾಡಬೇಕಿತ್ತು, ಹಾಡಲಿಲ್ಲ. ಬೆಳಗ್ಗೆ ಹಗ್ಗಕ್ಕೆಂದು ಬಿಗಿದ ಡ್ರ್ಯಾಗ್ ಬಿಗಿದಂತೆಯೇ ಇತ್ತು. ಇಡೀ ಮಧ್ಯಾಹ್ನ ನಾನು ಅದನ್ನು ಸಡಿಲಿಸಿರಲಿಲ್ಲ. ಕೈ ತಿರುಪಿನ ಮೇಲೆ ಹೋಗುವಷ್ಟರಲ್ಲಿ ರಾಡು ನೇರವಾಯಿತು.

ಯಾರೂ ಮಾತಾಡಲಿಲ್ಲ. ಸುತ್ತಿ ತೆಗೆದೆ. ಬೂತಾಯಿ ಹಿಂದಿರುಗಿ ಬಂತು. ಹೊಟ್ಟೆಯ ಕೆಳಗಿನ ಕೊಕ್ಕೆಯ ಒಂದು ಮುಳ್ಳು ಸೂಜಿಯಂತೆ ನೇರವಾಗಿತ್ತು. ದಾರ ಕಡಿಯಲಿಲ್ಲ, ಮೀನಿನ ಬಾಯಲ್ಲಿ ಏನೂ ಉಳಿಯಲಿಲ್ಲ ಎಂಬುದೇ ನನಗೆ ಸಮಾಧಾನ. ದೋಣಿಯವರು ಅದನ್ನು ಕೈಗೆ ತೆಗೆದುಕೊಂಡು, ಆ ಮುಳ್ಳನ್ನು ಹೆಬ್ಬೆರಳಿನಿಂದ ಸವರಿ, "ನಾಲ್ಕು ಕಿಲೋ" ಎಂದರು. ಸ್ವಲ್ಪ ಹೊತ್ತಿನ ಮೇಲೆ, "ಇಲ್ಲ, ಐದು" ಎಂದರು.

ಮನೆಗೆ ಬಂದು ರೀಲುಗಳನ್ನು ಸಿಹಿನೀರಿನಲ್ಲಿ ತೊಳೆದು ಒಣಗಿಸಿದೆ. ಉಪ್ಪು ಉಳಿದರೆ ಒಳಗಿನ ಬೇರಿಂಗ್ ಬೇಗ ಹಿಡಿಯುತ್ತದೆ. ಬೂತಾಯಿಯನ್ನು ತೊಳೆಯುವಾಗ ಬಾಲದ ಕೊಕ್ಕೆಯ ಸಂದಿಯಲ್ಲಿ ಒಂದು ಬಿಳಿ ನೂಲು ಕಂಡಿತು. ಆರಿಕ್ಕಾಡಿಯ ಅಜ್ಜನ ಮುಂಡಿನದು. ಅದನ್ನು ತೆಗೆಯಲಿಲ್ಲ. ಹೊಸ ಕೊಕ್ಕೆಗಳನ್ನು ತಂದಿಟ್ಟು ಹದಿನೈದು ದಿನವಾಯಿತು, ನೇರವಾದದ್ದನ್ನೂ ಬದಲಿಸಿಲ್ಲ. ನಿನ್ನೆ ರಾತ್ರಿ ಭಾವ ಕರೆ ಮಾಡಿ, ಶನಿವಾರ ಸಂಜೆ ಸೇತುವೆಯ ಬಳಿ ಇಳಿತ ಐದೂ ಕಾಲಿಗೆ ಶುರುವಾಗುತ್ತದೆ ಎಂದು ಹೇಳಿದ. ಬೇರೇನನ್ನೂ ಹೇಳಲಿಲ್ಲ.